ಹಲ್ಲು ಕಟ್ಟಿಸುವ ಮುನ್ನ: ನಿಮ್ಮ ಪ್ರಶ್ನೆ, ದಂತವೈದ್ಯರ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಕೆಳಗಿನ ಬಲಭಾಗದ ದವಡೆ ಹಲ್ಲೊಂದು ಹುಳುಕಾಗಿ, ವರ್ಷದ ಹಿಂದೆ ಕೀಳಿಸಿದೆ. ಅದರ ಹಿಂದೆ ಇನ್ನೊಂದು ಹಲ್ಲಿದೆ. ಒಬ್ಬ ಡಾಕ್ಟರು ಬ್ರಿಡ್ಜ್ ಅಂತಾರೆ, ಇನ್ನೊಬ್ಬರು ಇಂಪ್ಲಾಂಟ್ ಅಂತಾರೆ. ನೋವಿಲ್ಲ, ಎಡಗಡೆಯಲ್ಲಿ ಅಗಿಯುತ್ತೇನೆ. ಹಾಗೇ ಬಿಟ್ಟರೆ ಆಗದೇ?
— ಓದುಗರು, ತಿಪಟೂರು

ಉತ್ತರ: ನೋವಿಲ್ಲದಿರುವುದರಿಂದಲೇ ಜನ ಇದನ್ನು ಮುಂದೂಡುತ್ತಾರೆ. ಆದರೆ ಖಾಲಿ ಜಾಗಕ್ಕೆ ಹಿಂದಿನ ಹಲ್ಲು ವಾಲುತ್ತದೆ, ಮೇಲಿನ ಎದುರು ಹಲ್ಲು ತಡೆಯಿಲ್ಲದೆ ಇಳಿಯುತ್ತದೆ. ವಾಲಿದ ಹಲ್ಲಿನ ಸಂದಿಯಲ್ಲಿ ಅನ್ನ ಸಿಕ್ಕಿಕೊಂಡು ಅದೂ ಹುಳುಕಾಗುತ್ತದೆ. ಬೇರು ಹಿಡಿದಿದ್ದ ಮೂಳೆಯೂ ಕರಗುತ್ತದೆ: ಮೊದಲ ವರ್ಷದಲ್ಲೇ ಅದರ ಅಗಲ ಅರ್ಧದಷ್ಟು ಕುಗ್ಗಬಹುದು, ಹೆಚ್ಚಿನ ಭಾಗ ಮೊದಲ ಮೂರು ತಿಂಗಳಲ್ಲಿ. ನೀವು ಕೀಳಿಸಿದ್ದು ಕಟ್ಟಕಡೆಯ ಹಲ್ಲಾಗಿದ್ದರೆ ಬಿಟ್ಟುಬಿಡಿ ಎನ್ನಬಹುದಿತ್ತು. ನಡುವಿನದಾದ್ದರಿಂದ ಬಿಡುವುದು ಬೇಡ.

ಬ್ರಿಡ್ಜೋ ಇಂಪ್ಲಾಂಟೋ ಎಂಬುದನ್ನು ಅಕ್ಕಪಕ್ಕದ ಹಲ್ಲುಗಳೇ ಹೇಳುತ್ತವೆ. ಬ್ರಿಡ್ಜ್‌ಗೆ ಆ ಎರಡು ಹಲ್ಲುಗಳನ್ನು ಸುತ್ತಲೂ ಒಂದರಿಂದ ಎರಡು ಮಿ.ಮೀ.ವರೆಗೆ ಉಜ್ಜಿ, ಮೂರು ಕ್ಯಾಪ್‌ಗಳ ಒಂದೇ ತುಂಡನ್ನು ಸಿಮೆಂಟಿನಿಂದ ಕೂರಿಸುತ್ತಾರೆ. ಉಜ್ಜಿದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಕೆಲವು ಹಲ್ಲುಗಳಿಗೆ ಮುಂದೆ ರೂಟ್ ಕೆನಾಲ್ ಬೇಕಾಗುತ್ತದೆ. ಅಕ್ಕಪಕ್ಕದ ಹಲ್ಲುಗಳಲ್ಲಿ ಈಗಾಗಲೇ ದೊಡ್ಡ ಫಿಲ್ಲಿಂಗ್ ಇದ್ದು ಕ್ಯಾಪ್ ಬೇಕಾಗುವಂತಿದ್ದರೆ ಬ್ರಿಡ್ಜ್ ಒಳ್ಳೆಯದೇ, ಎರಡು ಮೂರು ವಾರದಲ್ಲಿ ಕೆಲಸ ಮುಗಿಯುತ್ತದೆ. ಒಂದು ಗೆರೆಯೂ ಬೀಳದ ಹಲ್ಲುಗಳಾದರೆ ನಮ್ಮ ಮತ ಇಂಪ್ಲಾಂಟ್‌ಗೆ.

ಬ್ರಿಡ್ಜ್ ಕೆಡುವುದು ಹೆಚ್ಚಾಗಿ ಒಂದು ಬದಿಯ ಸಿಮೆಂಟ್ ಸದ್ದಿಲ್ಲದೆ ಬಿಟ್ಟುಕೊಂಡಾಗ. ಇನ್ನೊಂದು ಬದಿ ಹಿಡಿದಿರುವುದರಿಂದ ಅದು ಕಳಚಿ ಬೀಳುವುದಿಲ್ಲ, ಒಳಗೆ ಹುಳುಕು ಬೆಳೆಯುತ್ತದೆ. ಕೆಟ್ಟ ವಾಸನೆ, ಕಚ್ಚಿದಾಗ ಗುಳುಕ್ ಎಂದು ನೀರು ಆಡಿದಂತಾಗುವುದು ಇದರ ಗುರುತು. ನಡುವಿನ ಕೃತಕ ಹಲ್ಲಿನ ಅಡಿಯನ್ನು ಸೂಪರ್ ಫ್ಲಾಸ್ (ಗಟ್ಟಿ ತುದಿಯ ಹಲ್ಲಿನ ದಾರ) ಅಥವಾ ಸಂದಿ ಬ್ರಷ್‌ನಿಂದ ದಿನಾ ಶುಚಿ ಮಾಡಬೇಕು. ಮಾಮೂಲಿ ಬ್ರಷ್ ಅಲ್ಲಿಗೆ ಹೋಗದು.

ಇಂಪ್ಲಾಂಟ್ ಎಂದರೆ ದವಡೆ ಮೂಳೆಯಲ್ಲಿ ಕೂರಿಸುವ ಟೈಟೇನಿಯಂ ತಿರುಪು. ಟೈಟೇನಿಯಂಗೆ ಮೂಳೆ ನೇರವಾಗಿ ಅಂಟಿಕೊಳ್ಳುತ್ತದೆಂದು ಕಂಡುಕೊಂಡ ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇದನ್ನು ಹಾಕಿದರು. ಮೊದಲು ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಿ. ಕೆಳದವಡೆಯೊಳಗೆ ತುಟಿ, ಗದ್ದಕ್ಕೆ ಹೋಗುವ ನರವಿದೆ. ತಿರುಪಿನ ತುದಿಗೂ ಅದಕ್ಕೂ 2 ಮಿ.ಮೀ. ಅಂತರ ಬೇಕು, ಇಲ್ಲವಾದರೆ ತುಟಿ ಮರಗಟ್ಟಬಹುದು. ಪಕ್ಕದ ಹಲ್ಲಿನ ಬೇರಿನಿಂದ ಒಂದೂವರೆ ಮಿ.ಮೀ. ದೂರವಿರಬೇಕು. ಮೂಳೆ ತೆಳುವಾಗಿದ್ದರೆ ಮೂಳೆ ಪುಡಿ ತುಂಬಬೇಕಾಗುತ್ತದೆ, ಖರ್ಚೂ ಕಾಲವೂ ಹೆಚ್ಚುತ್ತವೆ. ಕೊರೆಯುವಾಗ ಸಲೈನ್ ನೀರು ಹರಿಯುತ್ತಲೇ ಇರಬೇಕು, ಏಕೆಂದರೆ 47 ಡಿಗ್ರಿ ಸೆಲ್ಸಿಯಸ್ ಒಂದು ನಿಮಿಷ ತಾಗಿದರೂ ಮೂಳೆ ಕೆಡುತ್ತದೆ. ಆಮೇಲೆ ಕೆಳದವಡೆಗೆ ಸುಮಾರು ಮೂರು ತಿಂಗಳು, ಮೇಲ್ದವಡೆಗೆ ನಾಲ್ಕರಿಂದ ಆರು ತಿಂಗಳು ಕಾದು ಕ್ಯಾಪ್ ಹಾಕುವುದು ರೂಢಿ.

ಮುಂದೆ ಕ್ಯಾಪ್ ಅಲುಗಾಡಿದರೆ ಎದೆಗುಂದಬೇಡಿ. ಬಹಳ ಸಲ ಕ್ಯಾಪನ್ನು ತಿರುಪಿಗೆ ಬಿಗಿದಿಡುವ ಒಳಗಿನ ಸಣ್ಣ ಸ್ಕ್ರೂ ಸಡಿಲವಾಗಿರುತ್ತದೆ, ಬಿಗಿ ಮಾಡಿದರೆ ಸಾಕು. ಆದರೆ ಅದರಲ್ಲೇ ಅಗಿಯುತ್ತ ವಾರಗಟ್ಟಲೆ ಕಳೆದರೆ ಸ್ಕ್ರೂ ಒಳಗೇ ಮುರಿಯುತ್ತದೆ. ಮೂಳೆಯೊಳಗಿನ ತಿರುಪೇ ಅಲುಗಾಡಿದರೆ ಅದನ್ನು ತೆಗೆಯದೆ ಗತಿಯಿಲ್ಲ. ಕಾಸು ಸಾಲದೆ ಕಾಯಬೇಕಾದರೆ, ಅಲ್ಲಿಯವರೆಗೆ ತೆಗೆದು ಹಾಕುವ ಹಲ್ಲನ್ನಾದರೂ ಹಾಕಿಸಿ, ಜಾಗ ಮುಚ್ಚಿಹೋಗುವುದಿಲ್ಲ.

ಪ್ರಶ್ನೆ: ತಂದೆಯವರಿಗೆ 70. ಪೂರ್ತಿ ಸೆಟ್ ಕಟ್ಟಿಸಿದ್ದೇವೆ. ಮೇಲಿನದು ಗಟ್ಟಿ, ಕೆಳಗಿನದು ಮಾತಾಡಿದರೆ ಎದ್ದು ಬರುತ್ತದೆ.
— ಓದುಗರು, ಹೊಸಪೇಟೆ

ಉತ್ತರ: ಮೇಲಿನದಕ್ಕೆ ಬಾಯಿಯ ಇಡೀ ಅಂಗುಳ ಆಸರೆ, ಎಂಜಲಿನ ತೆಳು ಪದರದಿಂದ ಅದು ಹೀರಿ ಹಿಡಿದಂತೆ ಕೂರುತ್ತದೆ. ಕೆಳಗಿನದು ಕುದುರೆ ಲಾಳದ ಆಕಾರ, ಜಾಗ ಕಡಿಮೆ, ಸಾಲದ್ದಕ್ಕೆ ನಾಲಿಗೆ ನೂಕುತ್ತದೆ. ಸೆಟ್ ಹೊಸದಾದರೆ ಕೆಲವು ವಾರ ಕೊಡಿ: ಮೊದಮೊದಲು ಮುದ್ದೆ, ಉಪ್ಪಿಟ್ಟಿನಂಥ ಮೆತ್ತನೆಯದನ್ನು ಸಣ್ಣ ತುತ್ತಾಗಿ, ಎರಡೂ ಬದಿಗೆ ಹಂಚಿ ಅಗಿಯಲಿ. ಹಳೆಯದಾದರೆ ಸೆಟ್ ಕೂರುವ ದವಡೆಯ ದಿಂಡು ಸವೆದು ಅಳತೆ ತಪ್ಪಿದೆ. ಒಳಮೈಗೆ ಹೊಸ ಪದರ ಕೊಡುವ ರೀಲೈನಿಂಗ್ ಮಾಡಿಸಬಹುದು. ದಿನಕ್ಕೆ ಎರಡು ಮೂರು ಸಲ ಅಂಟು ಪೇಸ್ಟ್ ಬೇಕಾಗುತ್ತಿದ್ದರೆ ಸೆಟ್ಟೇ ಸರಿಯಿಲ್ಲ ಎಂದು ತಿಳಿಯಿರಿ.

ದಿಂಡೇ ಉಳಿದಿಲ್ಲದಿದ್ದರೆ ಕೆಳದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ ಹಾಕಿ, ಒತ್ತುಗುಂಡಿಯಂತೆ ಸೆಟ್ಟನ್ನು ಸಿಕ್ಕಿಸುತ್ತಾರೆ. ಹಲ್ಲೇ ಇಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು 2002ರಲ್ಲೇ ಹೇಳಿದ್ದರು. ಒಳಗಿನ ನೈಲಾನ್ ಉಂಗುರ ಸವೆಯುತ್ತದೆ, ಆಗಾಗ ಬದಲಿಸಬೇಕು.

ರಾತ್ರಿ ಸೆಟ್ ತೆಗೆದು ತಣ್ಣೀರಲ್ಲಿಡಿ. ಟೂತ್‌ಪೇಸ್ಟ್ ಗೀರು ಹಾಕುತ್ತದೆ, ಬಿಸಿನೀರಿಗೆ ಆಕಾರ ಕೆಡುತ್ತದೆ. ಸಾಬೂನು, ಮೆತ್ತನೆ ಬ್ರಷ್ ಸಾಕು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡಲು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿತ್ತು. ಹೊಸದು ಬೇಕಾದರೆ ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಪ್ರಶ್ನೆ: ಸಕ್ಕರೆ ಕಾಯಿಲೆಯಿದೆ, ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತೇನೆ. ಎಲೆ ಅಡಿಕೆ ಅಭ್ಯಾಸವೂ ಇದೆ. ಇಂಪ್ಲಾಂಟ್ ಆಗುತ್ತದೆಯೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಸಕ್ಕರೆ ಹತೋಟಿಯಲ್ಲಿದ್ದರೆ ಅಡ್ಡಿಯಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಅಂಕಿ 8 ದಾಟಿದ್ದರೆ ಮೊದಲು ಅದನ್ನು ಇಳಿಸಿ. ಇಂಜೆಕ್ಷನ್ ವಿಷಯ ಮುಚ್ಚಿಡಬೇಡಿ: ಜೊಲೆಡ್ರೊನಿಕ್ ಆಸಿಡ್, ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್‌ನಂಥ ಔಷಧಿ ಪಡೆಯುವವರಲ್ಲಿ ಅಪರೂಪಕ್ಕೆ ದವಡೆ ಮೂಳೆ ಗಾಯ ಮಾಯದೆ ಸಾಯುತ್ತದೆ. ಚೀಟಿ ತೋರಿಸಿ, ನೀವಾಗಿಯೇ ಔಷಧಿ ನಿಲ್ಲಿಸಬೇಡಿ. ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿಯಾಗಿ, ನಿಮ್ಮದೇ ಮೂರು ಬೆರಳು ಬಾಯಲ್ಲಿ ನೆಟ್ಟಗೆ ಹಿಡಿಸದಷ್ಟಾದರೆ ಹಿಂದಿನ ಹಲ್ಲಿನ ಜಾಗಕ್ಕೆ ಡ್ರಿಲ್ ತಲುಪುವುದೇ ಕಷ್ಟ. ಹೊಗೆಸೊಪ್ಪು ಸೇರಿಸುತ್ತಿದ್ದರೆ ಅದನ್ನು ಬಿಟ್ಟ ಮೇಲೆಯೇ ಮುಂದಿನ ಮಾತು.

ಪ್ರಶ್ನೆ: ಸೆಟ್ ಬಿದ್ದು ಎರಡು ಹೋಳಾಗಿದೆ. ಮನೆಯಲ್ಲೇ ಅಂಟಿಸಬಹುದೇ?
— ಓದುಗರು, ಹಾವೇರಿ

ಉತ್ತರ: ಬೇಡ. ಗಮ್ ಹಚ್ಚಿದರೆ ಹೋಳುಗಳ ಅಂಚು ಮತ್ತೆ ಸರಿಯಾಗಿ ಕೂಡುವುದಿಲ್ಲ, ಲ್ಯಾಬ್‌ನವರಿಗೂ ರಿಪೇರಿ ಕಷ್ಟವಾಗುತ್ತದೆ. ಚೂರೊಂದೂ ಬಿಡದೆ ಕವರಿಗೆ ಹಾಕಿ ಡಾಕ್ಟರಿಗೆ ಕೊಡಿ. ಅಂಚು ಚೊಕ್ಕವಾಗಿದ್ದರೆ ಅಕ್ರಿಲಿಕ್ ಹಾಕಿ ಒಂದೆರಡು ದಿನದಲ್ಲಿ ಜೋಡಿಸಿಕೊಡುತ್ತಾರೆ.