ರೊಕೊಕೊ ಶೈಲಿಯಲ್ಲಿ ಸಂತರ ಚಿತ್ರ ಬರೆದರೆ ಭಕ್ತಿ ಉಳಿಯುತ್ತದಾ?

ರೊಕೊಕೊ, ಅಂದರೆ ಹದಿನೆಂಟನೇ ಶತಮಾನದ ಯುರೋಪಿನ ಆ ಕಲಾಶೈಲಿ, ಗುಲಾಬಿ ಬಣ್ಣ, ಉಯ್ಯಾಲೆ, ಶ್ರೀಮಂತರ ತೋಟ ಅಷ್ಟೇ ಅಲ್ಲವೇ, ಅದರಲ್ಲಿ ಸಂತರಿಗೇನು ಕೆಲಸ ಅಂತ ಕೇಳಿದ್ದೀರಿ. ಈ ಗುಮಾನಿ ನನಗೂ ಇತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಆ ಕಾಲದ ವೆನಿಸ್‌ನ ಚಿತ್ರಕಾರ ತಿಯೆಪೊಲೊ ಬರೆದ ಸಂತ ತೆಕ್ಲಾ ಚಿತ್ರದ ಮುಂದೆ ನಿಂತಾಗ ಹೋಯಿತು.

ಅಲ್ಲಿರುವುದು ಅಸಲು ಚಿತ್ರವಲ್ಲ. ಬರೆಸುವವರಿಗೆ ಮೊದಲು ತೋರಿಸಲೆಂದು ಮಾಡಿದ ತೈಲವರ್ಣದ ಕರಡು, ಎತ್ತರ ಸುಮಾರು 81 ಸೆಂ.ಮೀ. ದೊಡ್ಡದು ಇಟಲಿಯಲ್ಲಿ, ಪಾದುವಾ ಹತ್ತಿರದ ಎಸ್ತೆ ಎಂಬ ಊರಿನ ಚರ್ಚಿನಲ್ಲಿದೆ. ಆರೂಮುಕ್ಕಾಲು ಮೀಟರ್ ಎತ್ತರ, 1759ರದು. 1630ರಲ್ಲಿ ಉತ್ತರ ಇಟಲಿಯನ್ನು ಗುಡಿಸಿಹಾಕಿದ ಪ್ಲೇಗ್ ಇದರ ವಸ್ತು. ಅಂದರೆ ಆ ಸಾವುಗಳನ್ನು ಕಂಡವರು ಯಾರೂ ಉಳಿದಿರದ ಕಾಲದಲ್ಲಿ ಬರೆದದ್ದು.

ಮೇಲೆ ದೇವದೂತರ ನಡುವೆ ತಂದೆಯಾದ ದೇವರು ತೋಳು ಚಾಚಿದ್ದಾನೆ, ಪ್ಲೇಗಿನ ಪಿಶಾಚಿ ಓಡುತ್ತಿದೆ. ಹಿಂದೆ ಎಸ್ತೆ ಪಟ್ಟಣ, ಬೆಟ್ಟಗಳು. ಇಷ್ಟೇ ಆಗಿದ್ದರೆ ನಾನೂ ‘ಚೆನ್ನಾಗಿದೆ’ ಅಂತ ಮುಂದಿನ ಕೋಣೆಗೆ ಹೋಗುತ್ತಿದ್ದೆ. ಆದರೆ ಕೆಳಗೆ, ನಮ್ಮ ಕಾಲ ಬುಡದಲ್ಲೇ ಅನ್ನುವಷ್ಟು ಹತ್ತಿರ, ತಾಯಿಯೊಬ್ಬಳು ಸತ್ತು ಬಿದ್ದಿದ್ದಾಳೆ. ಕೂಸು ಅವಳನ್ನು ಬಿಟ್ಟಿಲ್ಲ. ಈ ತಾಯಿ-ಮಗು ತಿಯೆಪೊಲೊನ ಸ್ವಂತ ಕಲ್ಪನೆಯೇನಲ್ಲ. ಎರಡು ಶತಮಾನಕ್ಕೂ ಹಿಂದೆ ಇಟಲಿಯ ಚಿತ್ರಕಾರ ರಫೇಲ್ ಪ್ಲೇಗಿನ ಒಂದು ಚಿತ್ರದಲ್ಲಿ ಇಂಥದ್ದನ್ನೇ ರೂಪಿಸಿದ್ದ, ಅದರ ಅಚ್ಚುಪ್ರತಿಗಳು ಎಲ್ಲ ಕಡೆ ಓಡಾಡಿದ್ದವು. ತಿಯೆಪೊಲೊನ ಹೆಚ್ಚುಗಾರಿಕೆ ಇರುವುದು ಬೆಳಕಿನಲ್ಲಿ. ಪ್ಲೇಗ್ ಅಂತ ಎಲ್ಲವನ್ನೂ ಕತ್ತಲೆಯಲ್ಲಿ ಮುಳುಗಿಸುವುದಿಲ್ಲ. ರೊಕೊಕೊದ ಅದೇ ತಿಳಿಬಣ್ಣ, ಅದೇ ಹಗುರ ಕುಂಚ ಹೆಣದ ಮೇಲೂ ಆಡಿದೆ. ಕತ್ತಲಿದ್ದರೆ ಕಣ್ಣು ತಪ್ಪಿಸಬಹುದಿತ್ತೇನೋ.

ಮೇಲೆ ದೇವರು, ಕೆಳಗೆ ಹೆಣ, ಇವೆರಡರ ನಡುವೆ ತೆಕ್ಲಾ ಮಂಡಿಯೂರಿದ್ದಾಳೆ. ಸಂತ ಪೌಲನ ಶಿಷ್ಯೆ, ಬೆಂಕಿಗೂ ಕಾಡುಮೃಗಗಳಿಗೂ ದೂಡಿದರೂ ಬದುಕಿದವಳು ಎಂಬುದು ಅವಳ ಕಥೆ. ಇಲ್ಲಿ ಮಾತ್ರ ಅವಳು ಪವಾಡ ಮಾಡುತ್ತಿಲ್ಲ, ಯಾರನ್ನೂ ಮುಟ್ಟಿ ಗುಣಪಡಿಸುತ್ತಿಲ್ಲ. ಮೇಲೆ ನೋಡಿ ಬೇಡುತ್ತಿದ್ದಾಳೆ, ಅಷ್ಟೇ. ನಮ್ಮ ಚರ್ಚುಗಳಲ್ಲಿ ಸಂತರ ಹೆಸರು ಒಂದೊಂದಾಗಿ ಹೇಳಿ ‘ನಮಗಾಗಿ ಪ್ರಾರ್ಥಿಸಿ’ ಅನ್ನುತ್ತೇವಲ್ಲ, ಆ ಮಾತನ್ನೇ ಬಣ್ಣದಲ್ಲಿ ಬರೆದಂತಿದೆ. ಭಕ್ತಿ ಎಲ್ಲಿ ಅಂದರೆ ನಾನು ಇದನ್ನೇ ತೋರಿಸುತ್ತೇನೆ.

ತಿಯೆಪೊಲೊ ರೊಕೊಕೊದವನೋ, ಅದಕ್ಕೂ ಹಿಂದಿನ ಬರೋಕ್ ಶೈಲಿಯ ಕೊನೆಯವನೋ ಅಂತ ಇಲ್ಲೇ ಯಾರಾದರೂ ಜಗಳ ತೆಗೆಯಬಹುದು. ತೆಗೆಯಲಿ, ಅವನು ಎರಡಕ್ಕೂ ಸಲ್ಲುತ್ತಾನೆ.

ಮೆಟ್ರೊಪಾಲಿಟನ್ ಜಾಲತಾಣದಲ್ಲಿ ಕರಡಿನ ಚಿತ್ರ ಉಚಿತವಾಗಿ ಸಿಗುತ್ತದೆ. ದೊಡ್ಡದು ಮಾಡಿಕೊಂಡು ಮೊದಲು ಕೆಳಗಿನ ಅರ್ಧ ನೋಡಿ. ದೇವರನ್ನು ಆಮೇಲೆ ನೋಡಿದರಾಯಿತು.