ಹಳೆಯ ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ಹಿಟ್ಟಿಗೆ ‘ಫ್ಲವರ್’ (flower) ಎಂದೇಕೆ ಬರೆದಿದ್ದಾರೆ?

ಅದು ಅಚ್ಚಿನ ತಪ್ಪಲ್ಲ. ಹೂವು, ಹಿಟ್ಟು ಎರಡಕ್ಕೂ ಮೂಲ ಒಂದೇ ಪದ. ಜರಡಿ ಹಿಡಿದಾಗ ಸಿಗುವ ನಯವಾದ, ಉತ್ತಮ ಭಾಗವೇ ಧಾನ್ಯದ ‘ಹೂವು’ ಎಂಬ ಭಾವ ಅದರಲ್ಲಿದೆ. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟಿನಲ್ಲೂ ಹಿಟ್ಟಿಗೆ ಈಗಿನಂತೆ ಬೇರೆ ಕಾಗುಣಿತ (flour) ಇಲ್ಲ. ಓದುವಾಗ ಪಕ್ಕದ ಪದ ನೋಡಿ: ಪೌಂಡ್ ಲೆಕ್ಕ, ಬೆಣ್ಣೆ, ಮೊಟ್ಟೆ ಇದ್ದರೆ ಹೆಚ್ಚಾಗಿ ಹಿಟ್ಟು, ರೋಸ್‌ಮರಿಯಂಥ ಗಿಡದ ಹೆಸರಿದ್ದರೆ ಹೂವು. ‘ಮೆಟಲ್’ (metal, ಲೋಹ), ‘ಮೆಟಲ್’ (mettle, ಕೆಚ್ಚು) ಕಥೆಯೂ ಇದೇ. ಕಾಗುಣಿತ ಕವಲೊಡೆದದ್ದು ಆಮೇಲೆ.

ಹೆಚ್ಚು ಜನ ಎಡವುವುದು ‘ಯೀ’ (ye) ಎಂಬಲ್ಲಿ. ‘ದ’ (the) ಪದದ th ಧ್ವನಿ ಬರೆಯಲು ಇಂಗ್ಲಿಷಿನಲ್ಲಿ ‘ಥಾರ್ನ್’ ಎಂಬ ಅಕ್ಷರವಿತ್ತು. ಕೈಬರಹದಲ್ಲಿ ಅದು ಕ್ರಮೇಣ ವೈ ಅಕ್ಷರದಂತೆ ಕಾಣತೊಡಗಿತು. ಯುರೋಪಿನಿಂದ ತರಿಸಿದ ಅಚ್ಚಿನ ಮೊಳೆಗಳಲ್ಲಿ ಥಾರ್ನ್ ಇರಲಿಲ್ಲವಾದ್ದರಿಂದ ಮುದ್ರಕರು ವೈ ಹಾಕಿ, ಮೇಲೆ ಪುಟ್ಟ ಇ ಕೂರಿಸಿದರು. ಹಾಗಾಗಿ ನಾಮಪದಕ್ಕೆ ಮೊದಲು ಬಂದರೆ ಅದನ್ನು ‘ದ’ ಎಂದೇ ಓದಬೇಕು. ಅಂಗಡಿ ಬೋರ್ಡಿನ ‘ಯೀ ಓಲ್ಡ್’ ಉಚ್ಚಾರ ಬರೀ ಶೋಕಿ. ‘ನೀವೆಲ್ಲ’ ಎಂಬ ಅರ್ಥದ ‘ಯೀ’ ಬೇರೆಯೇ ಪದ, ಅದನ್ನು ಬರೆದಂತೆಯೇ ಓದಿ.

ಸ್ಕ್ಯಾನ್ ಪ್ರತಿಗಳಲ್ಲಿ ಹುಡುಕುವವರಿಗೆ ಒಂದು ಕಿವಿಮಾತು: 1611ರ ಬೈಬಲ್‌ನಂಥ ಮುದ್ರಣಗಳಲ್ಲಿ ಧ್ವನಿ ಯಾವುದಿದ್ದರೂ ಪದದ ಆರಂಭಕ್ಕೆ ವಿ (v), ನಡುವೆ ಯು (u). ‘ಲವ್’ (love) ಸಿಗದಿದ್ದರೆ ವಿ ಬದಲು ಯು ಹಾಕಿ ಹುಡುಕಿ. ಆಗ ಬಳಸುತ್ತಿದ್ದ ಉದ್ದನೆಯ ಎಸ್ (ſ) ಅನ್ನು ಕಂಪ್ಯೂಟರ್ ಹಲವು ಸಲ ಎಫ್ (f) ಎಂದು ಓದುತ್ತದೆ. ಪದದ ಕೊನೆಯಲ್ಲಿ ಮಾಮೂಲಿ ಎಸ್ ಇರುವುದರಿಂದ ಅಲ್ಲಿ ಈ ಗೊಂದಲವಿಲ್ಲ.