ಹಳೆಯ ಯುದ್ಧಗಳನ್ನು ಹವ್ಯಾಸಕ್ಕೆಂದು ಮತ್ತೆ ಆಡುವವರು ನಿಜವಾಗಿಯೂ ಹೊಡೆದಾಡುತ್ತಾರೆಯೇ? ಆಟದಲ್ಲಿ ಸಾಯುವುದು ಯಾರು? ನಮ್ಮವರೂ ಸೇರಬಹುದೇ?

ಹೊಡೆಯುವುದು ಕಡಿಮೆ, ನೂಕುವುದು ಜಾಸ್ತಿ. ಆ ನೂಕಾಟದಲ್ಲಿ ಮಾತ್ರ ನಾಟಕವಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು, ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದವನು. ನಾಲ್ಕು ವರ್ಷಗಳಿಂದ ಬೇಸಿಗೆಯ ಕೆಲವು ವಾರಾಂತ್ಯಗಳಲ್ಲಿ ಪಾರ್ಲಿಮೆಂಟ್ ಸೈನ್ಯದ ಕಾಲಾಳು. ಇಲ್ಲಿ ದೊರೆ ಒಂದನೆಯ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ 1642ರಲ್ಲಿ ಅಂತರ್ಯುದ್ಧ ಹತ್ತಿಕೊಂಡು, 1649ರಲ್ಲಿ ದೊರೆಯ ತಲೆ ಉರುಳಿದ ಮೇಲೂ 1651ರವರೆಗೆ ನಡೆಯಿತಲ್ಲ, ನಾವು ಆಡುವುದು ಅದನ್ನು. ಇದಕ್ಕೆಂದೇ ಇರುವ ಸಂಘಗಳಲ್ಲಿ ಹೆಸರಾದದ್ದು ‘ಸೀಲ್ಡ್ ನಾಟ್’. ಪೀಟರ್ ಯಂಗ್ ಎಂಬ ನಿವೃತ್ತ ಬ್ರಿಗೇಡಿಯರ್ 1968ರಲ್ಲಿ ಕಟ್ಟಿದ್ದು. ನಾನಿರುವುದು ಬೇರೊಂದು ಸಣ್ಣ ತಂಡದಲ್ಲಿ.

ಹೊಸಬರ ಕೈಗೆ ಮೊದಲು ಕೊಡುವುದು ಪೈಕ್, ಅಂದರೆ ಸುಮಾರು 16 ಅಡಿ ಉದ್ದದ ಭರ್ಜಿ. ಅಡಿಕೆ ತೋಟದಲ್ಲಿ ದೋಟಿ ಹಿಡಿದು ಬೆಳೆದವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ದೋಟಿಯನ್ನು ಎತ್ತುವುದು ಮರಕ್ಕೆ ಆನಿಸುವುದಕ್ಕಾದರೂ. ಇದಕ್ಕೆ ಆನಿಕೆಯೇ ಇಲ್ಲ. ಬಯಲಿನ ಗಾಳಿಗೆ ತುದಿ ತೂಗಾಡತೊಡಗಿತೆಂದರೆ ಬುಡ ಹಿಡಿದವನ ಮುಂಗೈ ನಡುಗುತ್ತದೆ. ಎರಡೂ ಕಡೆಯವರು ಎದುರುಬದುರಾಗಿ ಹತ್ತಿರ ಬಂದಾಗ ತುದಿಗಳನ್ನು ಆಕಾಶಕ್ಕೆತ್ತುತ್ತೇವೆ. ಅದು ಸುರಕ್ಷತೆಗೆ. ಆಮೇಲೆ ಭುಜಕ್ಕೆ ಭುಜ ಕೊಟ್ಟು ಇಡೀ ಗುಂಪು ಎದುರಿನ ಗುಂಪಿಗೆ ಢಿಕ್ಕಿ ಹೊಡೆಯುತ್ತದೆ. ಜಾತ್ರೆಯಲ್ಲಿ ಚಕ್ರ ಹೂತುಹೋದ ತೇರನ್ನು ನೂಕಿದ್ದೀರಾದರೆ ಅರ್ಥವಾದೀತು. ವ್ಯತ್ಯಾಸವೆಂದರೆ, ಇಲ್ಲಿ ತೇರೂ ನಿಮ್ಮನ್ನು ವಾಪಸು ನೂಕುತ್ತದೆ! ಮುಂದಿನ ಸಾಲಿನವನಿಗೆ ಉಸಿರು ಕಟ್ಟುತ್ತದೆ. ಆ ಕಾಲದ ಬೂಟಿನ ಅಟ್ಟೆ ನುಣುಪಾದ ಚರ್ಮದ್ದು, ಒದ್ದೆ ಹುಲ್ಲಿನ ಮೇಲೆ ಸರ್ರನೆ ಜಾರುತ್ತದೆ. ಮೊದಲ ವರ್ಷ ನನ್ನ ಕಿರುಬೆರಳು ಮುರಿದದ್ದು ಹೀಗೆ ಬಿದ್ದೇ.

ಕೋವಿ ಹಿಡಿಯಲು ಪೊಲೀಸರಿಂದ ಎರಡು ಪರವಾನಗಿ ಬೇಕು: ಕೋವಿಗೊಂದು, ಕರಿಮದ್ದಿಗೊಂದು. ನಮ್ಮ ಅಜ್ಜನ ಬಳಿ ಕೇಪಿನ ಕೋವಿಯಿತ್ತು. ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ, ಅಂದರೆ ಉದ್ದನೆಯ ಸರಳಿನಿಂದ, ಜಡಿಯುವುದನ್ನು ಜಗಲಿಯಲ್ಲಿ ಕುಳಿತು ನೋಡಿದವನು ನಾನು. ಇಲ್ಲಿ ಮೈದಾನದಲ್ಲಿ ಗಜ ಮುಟ್ಟುವಂತಿಲ್ಲ ಎಂದಾಗ ನನಗೆ ನಗು ಬಂದಿತ್ತು. ಕಾರಣ ಸರಳ: ಗಡಿಬಿಡಿಯಲ್ಲಿ ಅದನ್ನು ನಳಿಗೆಯಲ್ಲೇ ಮರೆತು ಹಾರಿಸಿದರೆ ಅದೇ ಬಾಣವಾಗುತ್ತದೆ. ಗುಂಡೂ ಇಲ್ಲ, ನಾರೂ ಇಲ್ಲ, ಬರೀ ಮದ್ದು. ಹೊಗೆ ಮಾತ್ರ ಅಪ್ಪಟ.

ಹೊಗೆಯ ವಿಷಯಕ್ಕೆ ಬಂದರೆ ಒಂದು ಅವಮಾನ ನೆನಪಾಗುತ್ತದೆ. 1642ರ ಅಕ್ಟೋಬರ್ 23ರಂದು ಎಜ್‌ಹಿಲ್‌ನಲ್ಲಿ ಈ ಯುದ್ಧದ ಮೊದಲ ದೊಡ್ಡ ಕಾಳಗ ನಡೆಯಿತು. ಆಗ ಎಲ್ಲರಿಗೂ ಒಂದೇ ಸಮವಸ್ತ್ರ ಎಂಬುದಿರಲಿಲ್ಲ. ಪಾರ್ಲಿಮೆಂಟಿನವರ ಗುರುತು ಕಿತ್ತಳೆ ಬಣ್ಣದ ಅಡ್ಡಪಟ್ಟಿ. ಸರ್ ಫೇತ್‌ಫುಲ್ ಫೋರ್ಟೆಸ್ಕ್ಯೂ ಎಂಬವನು ಕಾಳಗದ ನಡುವೆಯೇ ತನ್ನ ಕುದುರೆ ಸವಾರರೊಂದಿಗೆ ದೊರೆಯ ಕಡೆಗೆ ಪಕ್ಷಾಂತರ ಮಾಡಿದ. ಫೇತ್‌ಫುಲ್ ಅಂದರೆ ನಿಷ್ಠಾವಂತ, ಹೆಸರಿಟ್ಟವರನ್ನು ಏನೆನ್ನೋಣ! ಅವನ ಹಲವರು ಕಿತ್ತಳೆ ಪಟ್ಟಿ ಬಿಚ್ಚುವುದನ್ನೇ ಮರೆತಿದ್ದರು. ಅವರಲ್ಲಿ ಕೆಲವರನ್ನು ಹೊಸ ಮಿತ್ರರೇ ಕಡಿದು ಹಾಕಿದರು.

ಓದುವಾಗ, ಎಂಥ ದಡ್ಡರಪ್ಪಾ ಎನಿಸಿತ್ತು. ಎರಡನೆಯ ವರ್ಷದ ಒಂದು ಮಧ್ಯಾಹ್ನ ಹೊಗೆಯೊಳಗಿಂದ ನಾಲ್ಕು ಹೆಜ್ಜೆ ಹೊರಬಂದು, ಎದುರಿಗೆ ಸಿಕ್ಕಿದ ಕೆಂಪು ಕೋಟಿನ ಬೆನ್ನಿಗೆ ಮೈಯೆಲ್ಲ ಬಲ ಹಾಕಿ ಗುದ್ದಿದೆ. ತಿರುಗಿದರೆ ನಮ್ಮದೇ ಸಾರ್ಜೆಂಟ್. ಉಕ್ಕಿನ ಟೋಪಿ ಹಣೆಗೆ ಜಾರಿತ್ತು, ಕಿವಿಯಲ್ಲಿ ಗುಂಯ್ ಎಂಬ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆ ಸಂಜೆಯಿಂದ ನಾನು ಎಜ್‌ಹಿಲ್ಲಿನವರನ್ನು ದಡ್ಡರು ಎನ್ನುವುದನ್ನು ಬಿಟ್ಟಿದ್ದೇನೆ. ತಂಡದವರು ನನ್ನನ್ನು ಫೋರ್ಟೆಸ್ಕ್ಯೂ ಎನ್ನುವುದನ್ನು ಬಿಟ್ಟಿಲ್ಲ.

ಸಾಯುವುದು ಯಾರು ಎಂದೂ ಕೇಳಿದ್ದೀರಿ. ಗೆಲ್ಲುವವರು ಯಾರೆಂದು ಇತಿಹಾಸ ತೀರ್ಮಾನಿಸಿರುತ್ತದೆ, ಬೀಳುವುದು ಹೆಚ್ಚಾಗಿ ನಮ್ಮ ನಮ್ಮ ವಿವೇಚನೆಗೆ ಬಿಟ್ಟದ್ದು. ಬಿಸಿಲು ಏರಿದ ದಿನ ಮರದ ನೆರಳಲ್ಲಿ ಹೆಣಗಳು ಹೆಚ್ಚು.

ಇನ್ನು ಮೈಬಣ್ಣದ ಮಾತು. ಮೊದಲ ದಿನ ಉಣ್ಣೆಯ ಕೋಟು ತೊಟ್ಟು ನಿಂತಾಗ, ಈ ವೇಷದಲ್ಲಿ ನನಗೇನು ಕೆಲಸ ಎಂಬ ಅಳುಕು ನನಗೂ ಇತ್ತು. ತಂಡದ ಹಿರಿಯರೊಬ್ಬರು ತಣ್ಣಗೆ ಹೇಳಿದರು: ಬಂಗಾಳದಿಂದ ಬಂದ ಹುಡುಗನೊಬ್ಬನಿಗೆ 1616ರ ಡಿಸೆಂಬರಿನಲ್ಲಿ ಲಂಡನ್ನಿನ ಚರ್ಚಿನಲ್ಲಿ ಪೀಟರ್ ಎಂದು ನಾಮಕರಣವಾಗಿದೆ, ಹೆಸರು ಆರಿಸಿದವನು ಚಾರ್ಲ್ಸನ ಅಪ್ಪ ದೊರೆ ಜೇಮ್ಸನೇ. ಅಂದರೆ ಯುದ್ಧಕ್ಕೆ ಕಾಲು ಶತಮಾನ ಮೊದಲೇ ನಮ್ಮವನೊಬ್ಬ ಇಲ್ಲಿದ್ದ. ಅವನು ಭರ್ಜಿ ಹಿಡಿಯಲಿಲ್ಲ, ನಿಜ. ಆದರೆ ಐವತ್ತೆಂಟರ ಪ್ರಾಯದಲ್ಲಿ ಹದಿನೆಂಟರ ಸಿಪಾಯಿಯ ವೇಷ ಹಾಕುವವರು ನನ್ನ ಬಣ್ಣ ಎಣಿಸಲು ಹೋಗುವುದಿಲ್ಲ. ಅವರು ತಕರಾರು ತೆಗೆದದ್ದು ನನ್ನ ಕೈಗಡಿಯಾರಕ್ಕೆ.

ಸುಮ್ಮನೆ ನೋಡಬೇಕೆಂದರೆ ಚೆಶೈರ್‌ನ ನ್ಯಾಂಟ್‌ವಿಚ್‌ಗೆ ಹೋಗಿ. 1644ರ ಜನವರಿ 25ರಂದು ಅಲ್ಲಿನ ಮುತ್ತಿಗೆ ಮುರಿದ ಸಂತಸಕ್ಕೆ ಊರಿನವರು ‘ಹಾಲಿ’ ಎಂಬ ಮುಳ್ಳೆಲೆಯ ಗಿಡದ ಚಿಗುರು ಮುಡಿದಿದ್ದರಂತೆ. ಆ ದಿನದ ಆಸುಪಾಸಿನ ಶನಿವಾರ ಸೀಲ್ಡ್ ನಾಟ್‌ನವರು ಅಲ್ಲಿ ಕಾಳಗ ಆಡುವ ರೂಢಿಯಿದೆ. ಸೇರುವುದೇ ಆದರೆ ಕೋಟು, ಟೋಪಿ, ಭರ್ಜಿಗೆ ಈಗಲೇ ದುಡ್ಡು ಸುರಿಯಬೇಡಿ. ಬಹಳಷ್ಟು ತಂಡಗಳು ಮೊದಮೊದಲು ಎರವಲು ಕೊಡುತ್ತವೆ. ಉಣ್ಣೆಯ ಕಾಲುಚೀಲ ಮಾತ್ರ ಎರಡು ಜೊತೆ ಸ್ವಂತದ್ದಿರಲಿ.